ದ್ಯಾಮವ್ವನ ರೊಟ್ಟಿ ಕಾರು

ನಾನು ಒಂದು ಪುಟ್ಟ ಕಾರು. ಗಿಡ್ಡ ಅನ್ನಿ, ಬೆಂಕಿಪೊಟ್ಟಣ ಅನ್ನಿ, ನನಗೇನೂ ಬೇಜಾರಿಲ್ಲ. ‘ಪಾಪ’ ಅಂತ ಮಾತ್ರ ಅನ್ನಬೇಡಿ, ಮೈಯೆಲ್ಲ ಉರಿಯುತ್ತದೆ. ಹದಿನೈದು ವರ್ಷ ಹುಬ್ಬಳ್ಳಿಯ ತಗ್ಗು-ದಿನ್ನೆಗಳಲ್ಲಿ ಓಡಿದ್ದೇನೆ. ನನ್ನ ಪಕ್ಕದಲ್ಲೇ ಮೆರೆದ ಎಷ್ಟೋ ದೊಡ್ಡ ಕಾರುಗಳು ಈಗ ಎಲ್ಲಿವೆಯೋ ಏನೋ. ನಾನಂತೂ ಇದ್ದೇನೆ.

ನಾನು ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಒಂದು ಕಡೆಯಿಂದ ತಗಡು ಬಂತು, ಇನ್ನೊಂದು ಕಡೆಯಿಂದ ಗಾಜು ಬಂತು, ಸಾಲಿನ ತುದಿಗೆ ಬರುವಷ್ಟರಲ್ಲಿ ನಾನು ತಯಾರಾಗಿದ್ದೆ. ಪಕ್ಕದ ಸಾಲಿನಲ್ಲಿ ದೊಡ್ಡ ಕಾರುಗಳಿದ್ದವು. ಅವುಗಳ ಗಾಲಿ ನೋಡಿದೆ, ನನ್ನ ಗಾಲಿ ನೋಡಿಕೊಂಡೆ. ಸುಳ್ಳೇಕೆ ಹೇಳಲಿ, ಮನಸ್ಸಿಗೆ ಪಿಚ್ಚೆನಿಸಿತು. ಬಣ್ಣ ಮಾತ್ರ ಚೆಂದದ್ದು ಸಿಕ್ಕಿತ್ತು, ನಿಂಬೆಹಣ್ಣಿನ ಹಳದಿ.

ಆ ಬಣ್ಣಕ್ಕೆ ಮರುಳಾಗಿ ನನ್ನನ್ನು ಕೊಂಡವರು ಬದ್ದಿ ಮಾಸ್ತರ ಹೆಂಡತಿ. ಓಡಿಸಬೇಕಾದವರು ಬದ್ದಿ ಮಾಸ್ತರು. ಅವರು ಹೈಸ್ಕೂಲಿನ ಪಿ.ಟಿ. ಮಾಸ್ತರು, ಎತ್ತರ ಆರಡಿ ಮೂರಿಂಚು! ಶೋರೂಮಿನಲ್ಲಿ ಮೊದಲ ಸಲ ಒಳಗೆ ಕೂತಾಗ ಅವರ ಮೊಣಕಾಲು ಸ್ಟಿಯರಿಂಗಿನ ಎರಡೂ ಬದಿಗೆ ಬಂದವು, ತಲೆ ಚಾವಣಿಗೆ ತಾಗಿತು. ಶಾಲೆಯ ಗೇಟಿನಲ್ಲಿ ಹುಡುಗಿಯರು ಕೇಳಿಯೇಬಿಟ್ಟರು: “ಸರ್, ಕಾರು ಹಾಕ್ಕೊಂಡು ಬಂದ್ರೇನ್ರಿ?”

ಮಾಸ್ತರು ನಕ್ಕರು. ನನಗೆ ನಗು ಬರಲಿಲ್ಲ.

ಆದರೂ ಆ ಐದು ವರ್ಷ ನಾನು ಅವರನ್ನು ಸೋಲಿಸಲಿಲ್ಲ. ದುರ್ಗದ ಬೈಲಿನಲ್ಲಿ ಹಬ್ಬದ ಸಂತೆ ನೆರೆದಾಗ ಬೇರೆ ಕಾರುಗಳು ಜಾಗ ಹುಡುಕಿ ಹುಡುಕಿ ಸುಸ್ತಾಗುತ್ತಿದ್ದವು. ನಾನು ಎರಡು ಸ್ಕೂಟರ್ ಸರಿದ ಜಾಗದಲ್ಲಿ ನುಗ್ಗಿ ನಿಂತುಬಿಡುತ್ತಿದ್ದೆ. ಎಣ್ಣೆ ಕಡಿಮೆ ಕುಡಿಯುತ್ತಿದ್ದೆ. ಒಂದೇ ಸುತ್ತಿಗೆ ಹೊರಳುತ್ತಿದ್ದೆ. ಕೊರತೆಯನ್ನೂ ಮುಚ್ಚಿಡುವುದಿಲ್ಲ: ಬೈಪಾಸಿನಲ್ಲಿ ಲಾರಿ ಹಾದುಹೋದರೆ ಅದರ ಗಾಳಿಗೆ ನಡುಗುತ್ತಿದ್ದೆ. ಏರು ಬಂದರೆ ಏಸಿ ಬಂದ್ ಮಾಡಲೇಬೇಕು. ಡಿಕ್ಕಿಯಲ್ಲಿ ಒಂದು ಚೀಲ ಇಟ್ಟರೆ ಎರಡನೆಯದು ತೊಡೆಯ ಮೇಲೆ. ಎಲ್ಲಕ್ಕಿಂತ ದೊಡ್ಡ ಕೊರತೆ ನನ್ನ ಗಾಲಿ. ಸಣ್ಣ ಗಾಲಿಗೆ ಸಣ್ಣ ತಗ್ಗೂ ದೊಡ್ಡದೇ. ಹುಬ್ಬಳ್ಳಿಯಲ್ಲಿ ತಗ್ಗಿಗೇನು ಬರವೇ?

ಕೊನೆಗೆ ಮಾಸ್ತರ ಮೊಣಕಾಲು ಬಾತುಕೊಂಡಿತು. ಡಾಕ್ಟರು ಕಾಲು ಬೇಕೋ ಕಾರು ಬೇಕೋ ಅಂತ ಕೇಳಿದರಂತೆ. ಮಾಸ್ತರು ನನ್ನ ಬಾನೆಟ್ ಸವರಿ, ಗಾಜಿಗೆ ‘ಮಾರುವುದಿದೆ’ ಅಂತ ಚೀಟಿ ಅಂಟಿಸಿದರು. ನನಗೂ ಸಂಕಟವಾಯಿತು.

ನನ್ನನ್ನು ನೋಡಲು ಬಂದವಳು ದ್ಯಾಮವ್ವ. ವಯಸ್ಸು ಐವತ್ತೆರಡು. ಇಳಕಲ್ ಸೀರೆ, ಹಣೆಯ ಮೇಲೆ ಕಾಸಿನಗಲ ಕುಂಕುಮ, ಕೈಗೆ ಜೋಳದ ಹಿಟ್ಟು. ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಇನ್ನೂ ಐವರು ಹೆಂಗಸರನ್ನು ಕಟ್ಟಿಕೊಂಡು ಖಡಕ್ ರೊಟ್ಟಿ ಬಡಿದು ಮಾರುತ್ತಿದ್ದಳು. ನನ್ನ ಸುತ್ತ ಎರಡು ಸುತ್ತು ಹಾಕಿದಳು. ಗಾಲಿ ನೋಡಲಿಲ್ಲ, ಇಂಜಿನ್ ನೋಡಲಿಲ್ಲ. ಸೆರಗಿನ ತುದಿ ಹಿಡಿದು ನನ್ನ ಅಗಲ ಅಳೆದಳು.

“ನಮ್ಮ ಓಣ್ಯಾಗ ಹೋಗತೈತಿ. ಇದ ಬೇಕು,” ಅಂದಳು.

ಆಕೆಯ ಕಥೆ ಇಷ್ಟು. ದೊಡ್ಡ ಗಿರಾಕಿ ಅಂದರೆ ಊರಾಚೆಯ ಹೆಣ್ಣುಮಕ್ಕಳ ಹಾಸ್ಟೆಲ್. ಅಲ್ಲಿಗೆ ರೊಟ್ಟಿ ಒಯ್ಯುತ್ತಿದ್ದದ್ದು ಬಾಡಿಗೆ ಟೆಂಪೋ. ಟೆಂಪೋ ಓಣಿಯೊಳಗೆ ಬರುವುದಿಲ್ಲ, ಹೆಂಗಸರು ಬುಟ್ಟಿ ಹೊತ್ತು ರಸ್ತೆಯ ತನಕ ಹೋಗಬೇಕು. ಡ್ರೈವರನಿಗೆ ರೊಟ್ಟಿಯೂ ಒಂದೇ, ಇಟ್ಟಂಗಿಯೂ ಒಂದೇ. ಗಂಟು ಬಿಚ್ಚಿದರೆ ಅರ್ಧಕ್ಕರ್ಧ ಚೂರು. ಹಾಸ್ಟೆಲ್ಲಿನ ವಾರ್ಡನ್ ಕುಲಕರ್ಣಿ ಬಾಯಾರು ಕಡ್ಡಿ ಮುರಿದಂತೆ ಹೇಳಿದ್ದರು: ಬರುವ ತಿಂಗಳ ಕೊನೆಯ ದಿನ ಎಣಿಸಿ ನೋಡುತ್ತೇನೆ, ಅಂದೂ ಮುರಿದು ಬಂದರೆ ಮಶೀನ್ ರೊಟ್ಟಿಯವರಿಗೆ ಆರ್ಡರ್ ಕೊಡುತ್ತೇನೆ. ಆ ಆರ್ಡರ್ ಹೋದರೆ ಆರು ಒಲೆಗಳು ಆರುತ್ತಿದ್ದವು. ಅದಕ್ಕೇ ದ್ಯಾಮವ್ವ ತಾನೇ ಓಡಿಸಿ ತಾನೇ ಒಯ್ಯುತ್ತೇನೆಂದು ಹಟ ಹಿಡಿದಿದ್ದಳು. ಆಕೆ ಅಲ್ಲಿಯವರೆಗೆ ಸೈಕಲ್ ಕೂಡ ಹೊಡೆದವಳಲ್ಲ!

ಕಲಿಯುವ ಲೈಸೆನ್ಸ್ ಬಂತು. ಆದರೆ ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಕೂತಿರಲೇಬೇಕು. ಓಣಿಯಲ್ಲಿ ಅಂಥವರು ಯಾರೂ ಇರಲಿಲ್ಲ. ದ್ಯಾಮವ್ವ ನೇರವಾಗಿ ಬದ್ದಿ ಮಾಸ್ತರ ಮನೆಗೆ ಹೋದಳು.

“ಮಾಸ್ತರ್ರ, ಕಾರು ಕೊಟ್ರಿ. ಈಗ ಅದರ ಕೂಡ ನೀವೂ ಬರ್ರಿ.”

ಪಾಪದ ಮಾಸ್ತರು! ಯಾವ ಕಾರಿನಿಂದ ಬಿಡುಗಡೆ ಸಿಕ್ಕಿತು ಅಂದುಕೊಂಡಿದ್ದರೋ ಅದೇ ಕಾರಿನಲ್ಲಿ ಮತ್ತೆ ಮಡಚಿಕೊಂಡು ಕೂತರು. ಶಾಲೆ ಬಿಟ್ಟ ಮೇಲೆ ದಿನಕ್ಕೊಂದು ತಾಸು. ಅವರಿಗೆ ಕಲಿಸಲು ಗೊತ್ತಿದ್ದದ್ದು ಒಂದೇ ರೀತಿ. ಕೊರಳಲ್ಲಿ ಸೀಟಿ ಹಾಕಿಕೊಂಡು ಬಂದರು. ಗೇರ್ ತಪ್ಪಿದರೆ ಸೀಟಿ. ಕ್ಲಚ್ ಬೇಗ ಬಿಟ್ಟರೆ ಸೀಟಿ. ನನ್ನಷ್ಟು ಸಣ್ಣ ಕಾರಿನೊಳಗೆ ಪಿ.ಟಿ. ಮಾಸ್ತರು ಸೀಟಿ ಊದಿದರೆ ಹೇಗಿರುತ್ತದೆ, ನೀವೇ ಊಹಿಸಿ. ನನ್ನ ಗಾಜುಗಳು ಝುಂ ಅನ್ನುತ್ತಿದ್ದವು.

ದ್ಯಾಮವ್ವ ಹಿಂದಿನ ಸೀಟಿನ ಮೇಲೆ ನಲವತ್ತು ಖಡಕ್ ರೊಟ್ಟಿಗಳ ಗಂಟು ಇಟ್ಟುಕೊಂಡೇ ಕಲಿಯಲು ಹೊರಡುತ್ತಿದ್ದಳು. ನಾಳೆ ಒಯ್ಯಬೇಕಾದದ್ದು ಅದೇ ತಾನೆ? ಮೊದಲ ದಿನ ಮರಳಿ ಬಂದು ಬಿಚ್ಚಿದರೆ ಇಡಿಯಾಗಿ ಉಳಿದದ್ದು ಎರಡು. ಐವರೂ ಹೆಂಗಸರು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಅವರಲ್ಲೇ ಹಿರಿಯಳಾದ ಕಾಶವ್ವ, “ಟೆಂಪೋದಾಂವನ ವಾಸಿ ಇದ್ದ ಬಿಡವ್ವ,” ಅಂದಳು. ದ್ಯಾಮವ್ವನ ಮುಖ ಕಪ್ಪಿಟ್ಟಿತು. ಅಂದು ಆಕೆ ನನ್ನೊಳಗೆ ಒಬ್ಬಳೇ ಕೂತು ಸ್ಟಿಯರಿಂಗಿಗೆ ಹಣೆ ಹಚ್ಚಿ ಅತ್ತಳು. ನನ್ನ ಗಾಲಿಯ ಗಾತ್ರಕ್ಕೆ ನಾನೇ ಶಾಪ ಹಾಕಿಕೊಂಡೆ.

ಆರನೆಯ ದಿನವೋ ಏನೋ, ಮಾಸ್ತರು ಎಂದಿನಂತೆ ಸೀಟಿ ಊದಿದರು. ದ್ಯಾಮವ್ವ ಗಕ್ಕನೆ ಬ್ರೇಕ್ ಒತ್ತಿದಳು. ಹಿಂದೆ ಚಟಚಟ ಸದ್ದಾಯಿತು. ಆಕೆ ನನ್ನನ್ನು ಬದಿಗೆ ಹಚ್ಚಿ ನಿಲ್ಲಿಸಿ ಮಾಸ್ತರ ಕಡೆ ತಿರುಗಿದಳು.

“ಮಾಸ್ತರ್ರ, ತಪ್ಪು ತಿಳೀಬ್ಯಾಡ್ರಿ. ಆ ಸೀಟಿ ಕಿಸೆದಾಗ ಇಟಗೋರಿ. ನೀವು ಊದಿದ ಕೂಡ್ಲೆ ನನ್ನ ಎದಿ ಧಸಕ್ ಅಂತೈತಿ, ಕಾಲು ತಾನ ಬ್ರೇಕಿನ ಮ್ಯಾಲೆ ಬೀಳತೈತಿ.”

“ಮತ್ತ ತಪ್ಪಾತು ಅಂತ ನಿಮಗ ಗೊತ್ತಾಗೂದು ಹ್ಯಾಂಗ, ಅಕ್ಕಾರ?”

“ರೊಟ್ಟಿ ಹೇಳ್ತಾವ ಬಿಡ್ರಿ. ನಾ ಅವನ್ನ ಕೇಳ್ತೇನಿ.”

ಮಾಸ್ತರು ಮೂವತ್ತು ವರ್ಷದ ಸೀಟಿಯನ್ನು ಕೊರಳಿಂದ ತೆಗೆದು ಕಿಸೆಗೆ ಹಾಕಿದರು. ದೊಡ್ಡ ಮನುಷ್ಯರು ಅವರು.

ಅಂದಿನಿಂದ ನನ್ನೊಳಗೆ ಮಾತೇ ಇಲ್ಲ. ದ್ಯಾಮವ್ವನ ಕಿವಿಯೆಲ್ಲ ಹಿಂದಿನ ಸೀಟಿನ ಕಡೆ. ಚಟ್ ಅಂದರೆ ಬ್ರೇಕ್ ಜೋರಾಯಿತು. ಚಟಚಟ ಅಂದರೆ ತಗ್ಗಿನಲ್ಲಿ ಗಾಲಿ ಬಿತ್ತು. ಕರಕ್ ಅಂದರೆ ತಿರುವಿನಲ್ಲಿ ಗಂಟು ಜಾರಿತು. ರೊಟ್ಟಿ ಸುಳ್ಳು ಹೇಳುವುದಿಲ್ಲ, ಬೈಯುವುದೂ ಇಲ್ಲ. ಕ್ಲಚ್ಚನ್ನು ಅರ್ಧ ಬಿಟ್ಟಾಗ ನನ್ನ ಮೂಗು ತುಸುವೇ ಮೇಲೇಳುತ್ತದೆ. ಅದನ್ನು ಮಾಸ್ತರು ಐದು ವರ್ಷದಲ್ಲಿ ಗಮನಿಸಿರಲಿಲ್ಲ. ದ್ಯಾಮವ್ವ ವಾರದಲ್ಲಿ ಹಿಡಿದಳು. “ಹಂಚು ಕಾದದ್ದು ಕೈಗೆ ತಿಳೀತೈತಲ್ರಿ, ಹಂಗ,” ಅಂದಳು. ಮುರಿದ ರೊಟ್ಟಿಗಳ ಲೆಕ್ಕ ಇಪ್ಪತ್ತಕ್ಕೆ ಇಳಿಯಿತು, ಹತ್ತಕ್ಕೆ ಇಳಿಯಿತು, ಮೂರಕ್ಕೆ ಬಂತು. ನನ್ನ ಸಣ್ಣ ಗಾಲಿಗಳೂ ಈಗ ತಗ್ಗಿನ ಅಂಚು ಸವರಿಕೊಂಡು ಇಳಿದು ಹತ್ತುವುದನ್ನು ಕಲಿತವು. ನನ್ನನ್ನು ಹೀಗೂ ಓಡಿಸಬಹುದು ಅಂತ ನನಗೇ ಗೊತ್ತಿರಲಿಲ್ಲ ನೋಡಿ!

ಲೈಸೆನ್ಸಿನ ಮೊದಲ ಪರೀಕ್ಷೆಯಲ್ಲಿ ಮಾತ್ರ ಫೇಲಾದೆವು. ಅಂದು ರೊಟ್ಟಿ ಇರಲಿಲ್ಲ. ಪರೀಕ್ಷೆಗೆ ಹೋಗುವಾಗ ಕಾರು ಖಾಲಿ ಇರಲಿ ಅಂತ ಯಾರೋ ಹೇಳಿದ್ದರು. ಮೈದಾನದ ಕೊನೆಗೆ ಸಿಮೆಂಟಿನ ಒಂದು ಏರು. ಅದರ ನಡುವೆ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಬೇಕು. ಕಿವಿಗೆ ಏನೂ ಕೇಳಿಸದೆ ದ್ಯಾಮವ್ವ ಕಕ್ಕಾಬಿಕ್ಕಿಯಾದಳು. ನಾನು ಎರಡು ಮಾರು ಹಿಂದಕ್ಕೆ ಜಾರಿದೆ. “ಮುಂದಿನ ವಾರ ಬರ್ರಿ ಅಮ್ಮಾರ,” ಅಂದರು ಇನ್‌ಸ್ಪೆಕ್ಟರು. ಮುಂದಿನ ವಾರವೆಂದರೆ ತಿಂಗಳ ಕೊನೆಯ ದಿನ. ಬಾಯಾರು ರೊಟ್ಟಿ ಎಣಿಸುವ ದಿನ.

ಅಂದು ಮಾಸ್ತರು ಶಾಲೆಗೆ ರಜೆ ಹಾಕಿದರು. ದ್ಯಾಮವ್ವ ಹಾಸ್ಟೆಲ್ಲಿನ ರೊಟ್ಟಿಗಳನ್ನು ಎರಡು ಬುಟ್ಟಿಗಳಲ್ಲಿ ಜೋಡಿಸಿ, ಬಿಳಿ ಬಟ್ಟೆ ಬಿಗಿದು, ಹಿಂದಿನ ಸೀಟಿನ ಮೇಲಿಟ್ಟುಕೊಂಡೇ ಪರೀಕ್ಷೆಗೆ ಬಂದಳು. ಇನ್‌ಸ್ಪೆಕ್ಟರು ಬಾಗಿಲು ತೆರೆದವರೇ ಹುಬ್ಬೇರಿಸಿದರು.

“ಏನ್ರಿ ಅಮ್ಮಾರ ಇದು? ಇಳಸ್ರಿ.”

“ಇಳಸಬ್ಯಾಡ್ರಿ ಸಾಹೇಬ್ರ. ಅವು ಇದ್ರ ನನಗ ಧೈರ್ಯ.”

ಇನ್‌ಸ್ಪೆಕ್ಟರಿಗೆ ಏನನಿಸಿತೋ, ನಕ್ಕು ಕೂತರು. ಮಾಸ್ತರು ಬಿಸಿಲಲ್ಲಿ ನಿಂತು ಕಿಸೆಯೊಳಗಿನ ಸೀಟಿಯನ್ನು ಹಿಚುಕುತ್ತಿದ್ದರು. ಎಂಟರ ಅಂಕಿಯಂತೆ ಸುತ್ತು ಹಾಕಿದೆವು, ಹಿಂದಕ್ಕೆ ಹೊಡೆದು ನಿಲ್ಲಿಸಿದೆವು, ಎಲ್ಲ ಸಲೀಸು. ಕೊನೆಗೆ ಏರು. ಅರ್ಧಕ್ಕೆ ಹೋಗಿ ನಿಂತೆ. ನಮ್ಮ ಮುಂದೆ, ಏರಿನ ತುದಿಯ ಹತ್ತಿರ, ಬೇರೊಬ್ಬರು ಪರೀಕ್ಷೆ ಕೊಡುತ್ತಿದ್ದ ದೊಡ್ಡ ಬಿಳಿ ಕಾರು ನಿಂತಿತ್ತು. ಅದು ಹೊರಡಲು ಹೋಗಿ ಗುರ್ ಅಂದಿತು, ಬಂದ್ ಬಿತ್ತು, ನೇರವಾಗಿ ನಮ್ಮ ಮೇಲೆ ಜಾರಿ ಬರತೊಡಗಿತು!

“ಏ, ಏ!” ಅಂತ ಇನ್‌ಸ್ಪೆಕ್ಟರು ಕೂಗಿದರು. ನನಗೆ ಜೀವ ಬಾಯಿಗೆ ಬಂತು. ಹಿಂದಕ್ಕೆ ಹೋಗೋಣವೆಂದರೆ ಹಿಂದೆ ಇನ್ನೊಂದು ಕಾರು ನಿಂತಿತ್ತು. ಎಡಕ್ಕೆ, ಬಿಳಿ ಕಾರಿಗೂ ಕಟ್ಟೆಗೂ ನಡುವೆ, ಒಂದು ಎತ್ತಿನಗಾಡಿಯಷ್ಟು ಜಾಗ. ದ್ಯಾಮವ್ವ ಕೂಗಲಿಲ್ಲ. ಕ್ಲಚ್ಚನ್ನು ಮೆಲ್ಲಗೆ ಬಿಟ್ಟಳು. ನನ್ನ ಮೂಗು ಮೇಲೆದ್ದಿತು. ಅದೇ ಕ್ಷಣಕ್ಕೆ ಹ್ಯಾಂಡ್‌ಬ್ರೇಕ್ ಇಳಿಸಿ, ಎಡಕ್ಕೆ ತಿರುಗಿಸಿ, ನನ್ನನ್ನು ಮೇಲಕ್ಕೆ ಹತ್ತಿಸಿದಳು. ಒಂದು ಬೆರಳಿನಷ್ಟೂ ಹಿಂದಕ್ಕೆ ಜಾರದೆ ಆ ಸಂದಿಯಲ್ಲಿ ನುಸುಳಿದೆ. ಬಿಳಿ ಕಾರು ನನ್ನ ಕನ್ನಡಿಗೆ ಎರಡು ಬೆರಳು ಬಿಟ್ಟು ಸರ್ರನೆ ಕೆಳಗೆ ಹೋಯಿತು. ಹಿಂದಿನವನು ಹೆದರಿ ಆಗಲೇ ಏರು ಇಳಿದು ದೂರ ಸರಿದಿದ್ದ, ಯಾರಿಗೂ ಏನೂ ಆಗಲಿಲ್ಲ. ನನಗಿಂತ ನಾಲ್ಕು ಬೆರಳು ಹೆಚ್ಚು ಅಗಲದ ಕಾರಾಗಿದ್ದರೆ ಅಂದು ತಗಡು ಸುಲಿದುಹೋಗುತ್ತಿತ್ತು. ಗಿಡ್ಡ ಅಂದವರೆಲ್ಲ ಆವತ್ತು ಅಲ್ಲಿರಬೇಕಿತ್ತು!

ಏರಿನ ಮೇಲೆ ನಿಂತೆವು. ದ್ಯಾಮವ್ವ ಕಿವಿ ಹಿಂದಕ್ಕೆ ಕೊಟ್ಟು ಕೂತಳು. ಒಂದು ಚಟ್ ಕೂಡ ಕೇಳಿಸಿರಲಿಲ್ಲ.

ಇನ್‌ಸ್ಪೆಕ್ಟರು ಕರವಸ್ತ್ರದಿಂದ ಕೊರಳು ಒರೆಸಿಕೊಂಡರು. “ಅಮ್ಮಾರ, ಎಲ್ಲಿ ಕಲತ್ರಿ ಇದನ್ನ?”

“ಹಿಂದ ಕುಂತಾವ ನೋಡ್ರಿ, ಅವ ಕಲಿಸ್ಯಾವ.”

ಪಾಸ್ ಅಂತ ಬರೆದು ಸಹಿ ಹಾಕಿದ ಕಾಗದ ಕೈಗೆ ಬಂತು. ಮಾಸ್ತರು ಅಷ್ಟು ಜನರ ನಡುವೆ ಸೀಟಿ ತೆಗೆದು ಉದ್ದಕ್ಕೆ ಊದಿಯೇಬಿಟ್ಟರು. ಈ ಸಲ ಯಾರೂ ಬೇಡ ಅನ್ನಲಿಲ್ಲ.

ಅಲ್ಲಿಂದ ನೇರ ಹಾಸ್ಟೆಲ್ಲಿಗೆ. ಕುಲಕರ್ಣಿ ಬಾಯಾರು ಕನ್ನಡಕ ಸರಿಪಡಿಸಿಕೊಂಡು ಒಂದೊಂದೇ ರೊಟ್ಟಿ ಎತ್ತಿ ನೋಡಿದರು. ನೂರಾಯಿತು, ಇನ್ನೂರಾಯಿತು, ಬುಟ್ಟಿಯ ತಳ ಕಂಡಿತು. ಒಂದೂ ಮುರಿದಿರಲಿಲ್ಲ. ಬಾಯಾರು ಮತ್ತೆ ಮೊದಲಿನಿಂದ ಎಣಿಸಿದರು.

“ಇವತ್ತೇನೋ ಚಲೋ ಬಂದಾವ,” ಅಂದರು. “ದಿನಾ ಹಿಂಗ ತರಾವ್ರು ಯಾರು?”

“ನಾನ ರೀ, ಬಾಯಾರ!” ದ್ಯಾಮವ್ವ ಸೊಂಟದಿಂದ ಕಾಗದ ತೆಗೆದು ಬಿಚ್ಚಿ ತೋರಿಸಿದಳು. ಬಾಯಾರು ಕಾಗದ ಓದಿದರು, ಆಕೆಯ ಮುಖ ನೋಡಿದರು, ಕಿಟಕಿಯಿಂದ ನನ್ನನ್ನೂ ನೋಡಿದರು. “ಹಂಗಾದ್ರ ನಾಳಿಂದ ಐವತ್ತು ಜಾಸ್ತಿ ತರ್ರಿ,” ಅಂದರು. ಓಣಿಗೆ ಮರಳಿದಾಗ ಕಾಶವ್ವ ನನಗೆ ಆರತಿ ಎತ್ತಿದಳು. ಟೆಂಪೋದವನೇ ವಾಸಿ ಅಂದಿದ್ದ ಬಾಯಿ ಅದೇ ನೋಡಿ! ನಾನು ಉಬ್ಬಿ ಹೋದೆ.

ಆಮೇಲಿನ ವರ್ಷಗಳು ಸರಸರನೆ ಓಡಿದವು. ರೊಟ್ಟಿ ಹೆಚ್ಚಿತು, ನನ್ನ ಹೊಟ್ಟೆಯಲ್ಲಿ ಹಿಡಿಯದಾಯಿತು. ಈಗ ದ್ಯಾಮವ್ವ ಒಂದು ವ್ಯಾನ್ ಕೊಂಡಿದ್ದಾಳೆ, ಅದನ್ನೂ ಆಕೆಯೇ ಓಡಿಸುತ್ತಾಳೆ. ಅದು ಓಣಿಯ ಬಾಯಿಯಲ್ಲಿ ನಿಲ್ಲುತ್ತದೆ. ಒಳಗಿನಿಂದ ಅಲ್ಲಿಯವರೆಗೆ ಬುಟ್ಟಿ ತರುವವನು ನಾನೇ. ಬಣ್ಣ ಮಾಸಿದೆ, ಒಂದು ಬಾಗಿಲು ಹೊರಗಿನಿಂದ ತೆರೆಯುವುದಿಲ್ಲ, ಚಳಿಗಾಲದ ಬೆಳಿಗ್ಗೆ ಕೆಮ್ಮುತ್ತೇನೆ. ಆದರೆ ಮಧ್ಯಾಹ್ನ ಒಲೆ ಆರಿಸಿದ ಮೇಲೆ ನನಗೆ ಬೇರೆ ಕೆಲಸವಿದೆ. ಹಿಂದಿನ ಸೀಟಿನ ಮೇಲೆ ನಲವತ್ತು ರೊಟ್ಟಿ ಇಟ್ಟುಕೊಂಡು, ದ್ಯಾಮವ್ವನ ಪಕ್ಕ ಯಾರಾದರೊಬ್ಬಳು ಕಲಿಯಲು ಕೂರುತ್ತಾಳೆ. ಕಾಶವ್ವ ಅರವತ್ತು ದಾಟಿದ ಮೇಲೆ ಪಾಸಾದಳು. ಆಮೇಲೆ ಆಕೆಯ ಸೊಸೆ, ಆಮೇಲೆ ಮೂಲೆಮನೆಯ ರಹಮತಬಿ.

ಮೊನ್ನೆ ಗುಜರಿಯವನು ಓಣಿಗೆ ಬಂದ. ನನ್ನ ಬಾನೆಟ್ ಬಡಿದು ನೋಡಿ, “ಹದಿನೈದು ವರ್ಷ ಆತು ದ್ಯಾಮಕ್ಕ, ಇದರಾಗ ಇನ್ನೇನೈತಿ? ಕೊಟ್ಟಬಿಡು,” ಅಂದ.

ದ್ಯಾಮವ್ವ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

“ಕೊಡ್ತೇನಿ, ಇಲ್ಲ ಅನ್ನಂಗಿಲ್ಲ. ಗಾಡಿ ಹೊಡ್ಯಾಕ ಬರಲಾರದ ಹೆಣಮಗಳು ಈ ಓಣ್ಯಾಗ ಒಬ್ಬಾಕಿನೂ ಉಳಿಯದ ದಿನ ಬಾ. ಅವತ್ತ ಒಯ್ಯಿ.”

ಅವನು ಓಣಿಯ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದ. ಬಾಗಿಲು ಬಾಗಿಲಿಗೂ ಹೆಂಗಸರು ನಿಂತು ನೋಡುತ್ತಿದ್ದರು. ಬಂದ ದಾರಿ ಹಿಡಿದ.

ನಾನು ಎಣಿಸಿದ್ದೇನೆ. ಇನ್ನೂ ಹದಿನೇಳು ಮಂದಿ ಇದ್ದಾರೆ.