ನೀರುನಾಯಿಯ ಲಾಂಡ್ರಿ

ಬೈಸಿಕೊಳ್ಳುವುದಕ್ಕೇ ಸಂಬಳ ಕೊಡುವ ಕೆಲಸ ಅವಳದು. ಬಟ್ಟೆ ಒಗೆಯುವ ಯಂತ್ರ ಮಾರುವ ಕಂಪನಿಯೊಂದರ ದೂರು ವಿಭಾಗದಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕಿವಿಗೆ ಫೋನು ಸಿಕ್ಕಿಸಿಕೊಂಡು ಕೂರಬೇಕು. ಯಾರದೋ ಮನೆಯಲ್ಲಿ ಯಂತ್ರ ನೀರು ಕಾರಿ ನಡುಮನೆ ಕೆರೆಯಾಗಿರುತ್ತದೆ. ಯಾರದೋ ಬಿಳಿ ಅಂಗಿ ನೀಲಿಯಾಗಿರುತ್ತದೆ. ಇನ್ಯಾರದೋ ಯಂತ್ರದ ಬಾಗಿಲು ಕಚ್ಚಿಕೊಂಡು, ಅವತ್ತೇ ಹಾಕಿಕೊಳ್ಳಬೇಕಾದ ಒಳ್ಳೆಯ ಬಟ್ಟೆ ಒಳಗೇ ಸೆರೆಯಾಗಿರುತ್ತದೆ. ಯಂತ್ರ ಮಾಡಿದವನು ಕೈಗೆ ಸಿಗುವುದಿಲ್ಲ, ಮಾರಿದವನು ಫೋನು ಎತ್ತುವುದಿಲ್ಲ. ಎತ್ತುವವಳು ಇವಳು. ಹಾಗಾಗಿ ಎಲ್ಲರ ಬೈಗುಳವೂ ಇವಳ ಪಾಲಿಗೆ.

ತಿರುಗಿ ಒಂದು ಮಾತಾಡುವ ಹಾಗಿಲ್ಲ. "ನಿಮಗಾದ ತೊಂದರೆಗೆ ಕ್ಷಮಿಸಿ" ಅನ್ನಬೇಕು. ಅದನ್ನೂ ಮುಗುಳ್ನಗುತ್ತಾ ಅನ್ನಬೇಕು, ಏಕೆಂದರೆ ಮುಖದ ನಗು ದನಿಯಲ್ಲಿ ಕೇಳಿಸುತ್ತದೆ ಎಂದು ಮ್ಯಾನೇಜರ್ ಗೋಡೆಗೆ ಬರೆದು ಅಂಟಿಸಿದ್ದ. ನಕ್ಕೂ ನಕ್ಕೂ ಸಂಜೆಯ ಹೊತ್ತಿಗೆ ದವಡೆ ನೋಯುತ್ತಿತ್ತು. ದಿನವಿಡೀ ನುಂಗಿದ ಸಿಟ್ಟು ಮನೆಗೆ ಬಂದ ಮೇಲೆ ಪಾತ್ರೆಗಳ ಮೇಲೆ ತೀರುತ್ತಿತ್ತು. ಅವಳ ಮನೆಯಲ್ಲಿ ನೆಗ್ಗಿಲ್ಲದ ಪಾತ್ರೆ ಒಂದೂ ಇರಲಿಲ್ಲ.

ವಿಭಾಗದಲ್ಲಿ ಎಲ್ಲರಿಗಿಂತ ಹಳಬಳಾದ್ದರಿಂದ ಅವಳನ್ನು ದೊಡ್ಡಕ್ಕ ಅನ್ನುತ್ತಿದ್ದರು. ಅವಳ ಎಡಕ್ಕೆ ಕೂರುತ್ತಿದ್ದವನು ಸೋಡಾಬುಡ್ಡಿ ಗಾಜಿನ ಹುಡುಗ, ಅವನ ಹೆಸರೇ ಕನ್ನಡಕ ಎಂದಾಗಿಹೋಗಿತ್ತು. ಬಲಕ್ಕೆ ಕೂರುವವಳು ಪಿಸುಮಾತು. ಅವಳ ದನಿ ಎಷ್ಟು ಸಣ್ಣದೆಂದರೆ, ಗಿರಾಕಿಗಳು ಮೊದಲು ಯಂತ್ರಕ್ಕಾಗಿ ಬೈದು, ಆಮೇಲೆ ಕೇಳಿಸದ್ದಕ್ಕಾಗಿ ಇನ್ನೊಂದು ಸಲ ಬೈಯುತ್ತಿದ್ದರು.

ಒಂದು ಮಧ್ಯಾಹ್ನ ಇವರು ಮೂವರೂ ಮೆಟ್ಟಿಲ ತಿರುವಿನಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತಿದ್ದಾಗ ಕನ್ನಡಕ ತನ್ನ ಫೋನನ್ನು ನೀರಿನ ಬಾಟಲಿಗೆ ಒರಗಿಸಿ ನಿಲ್ಲಿಸಿದ. "ಅಕ್ಕಾ, ಇದೊಂದು ನೋಡಿ. ಜಪಾನಿನ ಕಾರ್ಟೂನು. ನಾಲ್ಕು ತುತ್ತು ತಿನ್ನೋದ್ರೊಳಗೆ ಮುಗಿದುಹೋಗುತ್ತೆ."

"ಮಕ್ಕಳಾಟ ನೋಡೋ ವಯಸ್ಸೇನೋ ನಂದು?" ಎಂದಳು. ಎಂದವಳು ನೋಡಿದಳು.

ಅದರಲ್ಲೊಂದು ದಪ್ಪನೆಯ ನೀರುನಾಯಿ. ಹೊಳೆಯ ದಂಡೆಯಲ್ಲಿ ಅದರದೊಂದು ಲಾಂಡ್ರಿ. ಕಾಡಿನವರೆಲ್ಲ ಅಲ್ಲಿಗೇ ಬಟ್ಟೆ ಕೊಡುತ್ತಾರೆ. ನೀರುನಾಯಿಗೆ ಮರೆವು ಹೆಚ್ಚು, ನಿದ್ದೆ ಇನ್ನೂ ಹೆಚ್ಚು. ಕಪ್ಪೆಯ ಅಂಗಿಯನ್ನು ಕರಡಿಗೆ ಕೊಡುತ್ತದೆ, ಕರಡಿಯ ಚಡ್ಡಿಯನ್ನು ಕಪ್ಪೆಗೆ ಕೊಡುತ್ತದೆ. ಕರಡಿ ಆ ಅಂಗಿಯನ್ನು ತಲೆಗೆ ಟೋಪಿ ಮಾಡಿಕೊಂಡು, ಆಹಾ ಎಷ್ಟು ಚೆನ್ನಾಗಿದೆ ಎಂದು ಹೋಗುತ್ತದೆ. ಕಪ್ಪೆ ಆ ಚಡ್ಡಿಯೊಳಗೆ ಸಂಸಾರ ಸಮೇತ ಡೇರೆ ಹಾಕಿ ಮಲಗುತ್ತದೆ. ಯಾರೂ ಬೈಯುವುದಿಲ್ಲ. ಅಷ್ಟೇ, ಮುಗಿಯಿತು.

ದೊಡ್ಡಕ್ಕನಿಗೆ ತುತ್ತು ನೆತ್ತಿಗೇರಿತು. ಪಿಸುಮಾತು ಬೆನ್ನು ತಟ್ಟಿದಳು. ದೊಡ್ಡಕ್ಕ ಕೆಮ್ಮುತ್ತಲೇ ನಕ್ಕಳು, ನಗುತ್ತಲೇ ಕಣ್ಣಲ್ಲಿ ನೀರು ಬಂತು. "ಒಬ್ಬರೂ ದೂರು ಕೊಡಲಿಲ್ವಲ್ಲೋ!" ಎಂದಳು. ಆ ಕಾಡಿನಲ್ಲಿ ದೂರು ವಿಭಾಗವೇ ಇಲ್ಲ ಅನ್ನುವುದು ಅವಳಿಗೆ ಸ್ವರ್ಗದ ಸುದ್ದಿ ಕೇಳಿದಂತಾಯಿತು.

ಅವತ್ತಿನಿಂದ ಅದೊಂದು ಚಟವಾಯಿತು. ಮಧ್ಯಾಹ್ನ ಮೆಟ್ಟಿಲ ಮೇಲೆ ಒಂದು. ಸಂಜೆ ಅಡುಗೆಮನೆಯಲ್ಲಿ ಗಂಡನ ಜೊತೆ ಇನ್ನೊಂದು. ಗಂಡ ಬಸ್ ಡ್ರೈವರ್, ಸಂಜೆ ಪಾಳಿಯವನು. ಅವಳು ಬಂದು ಚಪ್ಪಲಿ ಬಿಡುವುದಕ್ಕೂ ಅವನು ಶೂ ಹಾಕುವುದಕ್ಕೂ ನಡುವೆ ಒಂದಿಷ್ಟು ಹೊತ್ತು ಸಿಗುತ್ತಿತ್ತು. ಅವರ ಸಂಸಾರವೆಲ್ಲ ಅಷ್ಟರಲ್ಲೇ ಆಗಬೇಕು, ಏಕೆಂದರೆ ಬೆಳಿಗ್ಗೆ ಅವಳು ಹೊರಡುವಾಗ ಅವನಿಗೆ ಗಾಢ ನಿದ್ದೆ. ಮೊದಲೆಲ್ಲ ಆ ಹೊತ್ತು ಗ್ಯಾಸು ತರಿಸಿದ್ರಾ, ಬಾಡಿಗೆ ಕಟ್ಟಿದ್ರಾ ಎನ್ನುವುದರಲ್ಲೇ ಕಳೆಯುತ್ತಿತ್ತು. ಈಗ ಇಬ್ಬರೂ ಒಲೆಯ ಪಕ್ಕ ನಿಂತು ನೀರುನಾಯಿ ನೋಡಿ ನಕ್ಕು, ಆಮೇಲೆ ಗ್ಯಾಸಿನ ಮಾತಿಗೆ ಬರುತ್ತಿದ್ದರು. ಪಾತ್ರೆಗಳಿಗೆ ಹೊಸ ನೆಗ್ಗು ಬೀಳುವುದು ನಿಂತಿತು.

ಹೀಗಿರುವಾಗ ಒಂದು ದಿನ ಮ್ಯಾನೇಜರ್ ಮೆಟ್ಟಿಲಿಳಿದು ಬಂದ. ಮೂವರೂ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಗುತ್ತಿದ್ದರು. ಕನ್ನಡಕ ಗಾಬರಿಯಲ್ಲಿ ಫೋನು ಮುಚ್ಚಿಡಲು ಹೋಗಿ ಉಪ್ಪಿನಕಾಯಿ ಚೆಲ್ಲಿದ.

"ಏನದು? ನನಗೂ ತೋರಿಸ್ರಪ್ಪ" ಎಂದ ಮ್ಯಾನೇಜರ್. ಪ್ಯಾಂಟು ಮೇಲೆಳೆದುಕೊಂಡು ಮೆಟ್ಟಿಲ ಮೇಲೇ ಕೂತ. ನೋಡಿದ. ಹೊಟ್ಟೆ ಹಿಡಿದುಕೊಂಡು ನಕ್ಕ. ಇನ್ನೊಂದು ಹಾಕಿಸಿಕೊಂಡು ನಕ್ಕ. ಹೋಗುವಾಗ ಕನ್ನಡಕನ ಭುಜ ತಟ್ಟಿ ಹೋದ.

"ಪರವಾಗಿಲ್ಲ, ಇವನೂ ಮನುಷ್ಯನೇ" ಎಂದಳು ದೊಡ್ಡಕ್ಕ. ಆ ಮಾತು ಆಡಿದ್ದಕ್ಕೆ ಆಮೇಲೆ ಅವಳು ತನ್ನ ನಾಲಿಗೆಯನ್ನೇ ಎಷ್ಟು ಸಲ ಶಪಿಸಿಕೊಂಡಳೋ.

ಮುಂದಿನ ವಾರ ಸೂಚನಾ ಫಲಕದಲ್ಲಿ ಬಣ್ಣದ ಹಾಳೆಯೊಂದು ಬಂತು. ನೌಕರರ ಮನಸ್ಸು ಹಗುರಾಗಲೆಂದು ಕಂಪನಿಯು 'ನಗುವಿನ ವೇಳೆ' ಆರಂಭಿಸುತ್ತಿದೆ. ದಿನವೂ ಕೆಲಸ ಮುಗಿದ ಮೇಲೆ ಅರ್ಧ ಗಂಟೆ ದೊಡ್ಡ ಹಾಲಿನಲ್ಲಿ ಹಾಸ್ಯದ ಕಾರ್ಟೂನು ತೋರಿಸಲಾಗುವುದು. ಎಲ್ಲರೂ ಬರತಕ್ಕದ್ದು. ವಿಶ್ರಾಂತಿಗೆ ಹೀಗೆ ಪ್ರತ್ಯೇಕ ಏರ್ಪಾಡಾಗಿರುವುದರಿಂದ ಊಟದ ಬಿಡುವನ್ನು ಅರ್ಧಕ್ಕೆ ಇಳಿಸಲಾಗಿದೆ. ಹಾಳೆಯ ಮೂಲೆಯಲ್ಲಿ ನೀರುನಾಯಿಯ ಚಿತ್ರ. ಅದರ ಕೊರಳಿಗೆ ಯಾರೋ ಕಂಪನಿಯ ಗುರುತಿನ ಚೀಟಿ ಬರೆದು ತಗುಲಿಸಿದ್ದರು.

ದೊಡ್ಡಕ್ಕ ಅದನ್ನು ಎರಡು ಸಲ ಓದಿದಳು. ಕಿವಿಯ ತುದಿಯವರೆಗೂ ಬಿಸಿಯಾಯಿತು.

ಮ್ಯಾನೇಜರ್ ಅವಳನ್ನು ಒಳಗೆ ಕರೆಸಿದ. "ನೋಡಮ್ಮ, ಎಲ್ಲ ನಿಮ್ಮಿಂದಲೇ ಹೊಳೆದಿದ್ದು. ಮೇಲಿನವರಿಗೆ ಬಹಳ ಹಿಡಿಸಿಬಿಟ್ಟಿದೆ. ನೀವು ಹಳಬರು, ಮುಂದಿನ ಸಾಲಲ್ಲಿ ಕೂತ್ಕೊಳ್ಳಿ. ನೀವು ನಕ್ಕರೆ ಮಿಕ್ಕವರೂ ನಗ್ತಾರೆ."

"ಸರ್, ಊಟದ ಬಿಡುವು..."

"ಅಯ್ಯೋ, ತಿನ್ನೋದಕ್ಕೆ ಎಷ್ಟು ಹೊತ್ತಮ್ಮ ಬೇಕು? ನೀವು ಅಲ್ಲಿ ಕೂತು ಕಾರ್ಟೂನೇ ತಾನೇ ನೋಡ್ತಿದ್ದಿದ್ದು?"

ಇಷ್ಟು ವರ್ಷ ಕ್ಷಮಿಸಿ ಅಂದು ಅಂದು ಅವಳ ನಾಲಿಗೆಗೆ ಬೇರೆ ಮಾತೇ ಬರದ ಹಾಗಾಗಿತ್ತು. "ಆಯ್ತು ಸರ್" ಎಂದು ಹೊರಗೆ ಬಂದಳು. ಬಂದವಳಿಗೆ ಅವನಿಗಿಂತ ತನ್ನ ಮೇಲೇ ಹೆಚ್ಚು ಸಿಟ್ಟು ಬಂತು.

ಅಂದಿನಿಂದ ಊಟವೆಂದರೆ ಡಬ್ಬಿಯಲ್ಲಿದ್ದುದನ್ನು ಗಂಟಲಿಗೆ ತುರುಕುವುದು. ಸಂಜೆ ಎಲ್ಲರೂ ಬ್ಯಾಗು ಹೆಗಲಿಗೇರಿಸಿಕೊಂಡೇ ಹಾಲಿನಲ್ಲಿ ಸಾಲಾಗಿ ಕೂರುವುದು. ಗೋಡೆಯ ಮೇಲೆ ನೀರುನಾಯಿ ಆನೆಯಷ್ಟು ದೊಡ್ಡದಾಗಿ ಕಾಣಿಸುತ್ತಿತ್ತು. ಮ್ಯಾನೇಜರ್ ಪಕ್ಕದಲ್ಲಿ ನಿಂತು ಯಾರು ನಗುತ್ತಾರೆ, ಯಾರು ನಗುವುದಿಲ್ಲ ಎಂದು ಮುಖ ಮುಖ ನೋಡುತ್ತಿದ್ದ. ಕರಡಿ ಟೋಪಿ ಹಾಕಿಕೊಂಡಾಗ ಇಡೀ ಹಾಲ್ ತುಂಬ ಹಲ್ಲು ಕಾಣುತ್ತಿತ್ತು. ಕಣ್ಣುಗಳೆಲ್ಲ ಗಡಿಯಾರದ ಮೇಲೆ.

ಮೊದಲ ದಿನ ದೊಡ್ಡಕ್ಕ ಹೊರಬಿದ್ದವಳೇ ಓಡಿದಳು. ಮನೆಯ ಬೀದಿಯ ತಿರುವಿಗೆ ಬರುವಷ್ಟರಲ್ಲಿ ಗಂಡನ ಬಸ್ಸು ಎದುರಿಗೇ ಬಂತು. ಒಳಗೆ ಜನ ಕಿಕ್ಕಿರಿದಿದ್ದರು. ಅವನು ನಿಲ್ಲಿಸುವ ಹಾಗಿರಲಿಲ್ಲ. ಗಾಜಿನಾಚೆಯಿಂದ ಅವಳನ್ನು ನೋಡಿ, ಏನಾಯ್ತು ಎನ್ನುವಂತೆ ಕೈ ತಿರುಗಿಸಿ, ಒಂದು ಸಲ ಹಾರ್ನು ಹೊಡೆದು ಹೋದ. ಅವಳು ರಸ್ತೆಯ ಪಕ್ಕ ಏದುಸಿರು ಬಿಡುತ್ತಾ ನಿಂತಳು. ಮನೆಯಲ್ಲಿ ಒಲೆಯ ಮೇಲೆ ತಟ್ಟೆ ಮುಚ್ಚಿದ ಲೋಟದಲ್ಲಿ ಅವಳ ಪಾಲಿನ ಚಹಾ ಆರಿ ಕೆನೆಗಟ್ಟಿತ್ತು. ಅವಳು ಆ ತಟ್ಟೆಯನ್ನು ತೆಗೆದು ಗೋಡೆಗೆ ಬೀಸಿದಳು.

ಮರುದಿನವೂ ಅದೇ, ಅದರ ಮರುದಿನವೂ ಅದೇ. ಗಂಡ ಹೆಂಡತಿ ಒಂದೇ ಮನೆಯಲ್ಲಿದ್ದೂ ಫೋನಿನಲ್ಲಿ ಮಾತಾಡುವಂತಾಯಿತು.

"ಆಗಲ್ಲ ಅಂತ ಹೇಳೇ" ಎಂದ ಅವನು ಬಸ್ ನಿಲ್ದಾಣದಿಂದ.

"ಯಾರು ಹೇಳೋದು? ಎಲ್ಲರೂ ನನ್ನ ಮುಖ ನೋಡ್ತಾರೆ."

"ನೋಡ್ತಾರಲ್ಲ, ಮತ್ತಿನ್ನೇನು? ಬಾಯಿ ಬಿಡು."

ಆ ವಾರದ ಕೊನೆಯ ದಿನ ಕಾರ್ಟೂನು ಮುಗಿದ ಮೇಲೂ ಮ್ಯಾನೇಜರ್ ದೀಪ ಹಾಕಲಿಲ್ಲ. ಗೋಡೆಯ ಮೇಲೆ ನೀರುನಾಯಿಯನ್ನು ನಿಲ್ಲಿಸಿ, ಅದರ ಹೊಟ್ಟೆಗೆ ಕೋಲು ತೋರಿಸುತ್ತಾ ಪಾಠಕ್ಕೆ ನಿಂತ. "ಬರೀ ನಕ್ಕರೆ ಸಾಲದು. ಇದರಿಂದ ನಾವು ಏನು ಕಲಿಬೇಕು? ಗಿರಾಕಿ ಮುಂದೆ ಇದು ಯಾವತ್ತಾದ್ರೂ ಮುಖ ಗಂಟು ಹಾಕ್ಕೊಂಡಿದ್ದು ನೋಡಿದ್ದೀರಾ? ತಲೆನೋವು ಅಂದಿದ್ದು ನೋಡಿದ್ದೀರಾ? ರಜಾ ಕೇಳಿದ್ದು ನೋಡಿದ್ದೀರಾ? ಒಂದು ಮೂಕ ಪ್ರಾಣಿ ಇಷ್ಟು ನಿಯತ್ತಾಗಿ ದುಡಿಯುತ್ತೆ ಅಂದ್ಮೇಲೆ..."

"ಅಂಗಡಿ ಅದರದ್ದು ಸರ್."

ಯಾರು ಮಾತಾಡಿದ್ದೆಂದು ಎಲ್ಲರೂ ತಿರುಗಿದರು. ಮಾತಾಡಿದ್ದು ತಾನೇ ಎಂದು ದೊಡ್ಡಕ್ಕನಿಗೂ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಎದ್ದು ನಿಂತಾಗಿತ್ತು.

"ಏನಮ್ಮ?"

"ಅಂಗಡಿ ಅದರದ್ದು ಅಂದೆ. ಬೇಕಾದಾಗ ತೆಗೆಯುತ್ತೆ, ಬೇಡದಾಗ ಮುಚ್ಚುತ್ತೆ. ಒಂದರಲ್ಲಿ ಬಿಸಿಲು ಚೆನ್ನಾಗಿದೆ ಅಂತ ಬಾಗಿಲಿಗೆ ಬೀಗ ಹಾಕಿ ಹೊಳೇಲಿ ಅಂಗಾತ ಮಲಗ್ತಲ್ಲ, ಅದನ್ನ ಯಾಕೆ ತೋರಿಸಲಿಲ್ಲ ನೀವು?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆ ವಾರವಿಡೀ ಆ ಹಾಲಿನಲ್ಲಿ ಕೇಳಿದ ಮೊದಲ ನಿಜವಾದ ನಗು ಅದು.

"ಕೂತ್ಕೊಳಮ್ಮ. ತಮಾಷೆಗೆ ಹೇಳಿದ್ದನ್ನ..."

"ಬೆಳಿಗ್ಗೆಯಿಂದ ಕೂತೇ ಇದ್ದೀನಿ. ಕಂಡವರ ಬೈಗುಳ ತಿಂದ್ಕೊಂಡು ಕೂತಿದ್ದೀನಿ. ನೀವು ಮಾರಿದ ಡಬ್ಬ ಯಂತ್ರಕ್ಕೆ ನಾನು ಯಾಕೆ ಸ್ವಾಮಿ ಕ್ಷಮಿಸಿ ಅನ್ನಬೇಕು? ಆದ್ರೂ ಅಂತೀನಿ, ಸಂಬಳ ತಗೋತೀನಲ್ಲ ಅಂತ. ಆದ್ರೆ ಊಟದ ಹೊತ್ತು ನಂದು. ಮೆಟ್ಟಿಲ ಮೇಲೆ ಕೂತು ನಗ್ತಿದ್ದಿದ್ದು ನಂದು. ಅದನ್ನೂ ಕಿತ್ಕೊಂಡ್ರಿ. ಕಿತ್ಕೊಂಡು ಸಾಲದು ಅಂತ, ನಮ್ಮದನ್ನೇ ಗೋಡೆಗೆ ಹಾಕಿ ನಗಿ, ನಗಿ ಅಂತ ಕುತ್ತಿಗೆ ಮೇಲೆ ಕೂತಿದ್ದೀರಾ? ನಾಚಿಕೆ ಆಗಲ್ವಾ ನಿಮಗೆ?"

"ದನಿ ತಗ್ಗಿಸಿ ಮಾತಾಡಿ" ಎಂದ ಅವನು. ಕೋಲು ಹಿಡಿದ ಕೈ ಗಾಳಿಯಲ್ಲೇ ನಿಂತಿತ್ತು.

"ತಗ್ಗಿಸಿ ತಗ್ಗಿಸಿಯೇ ಇಲ್ಲಿಗೆ ಬಂದಿದ್ದು! ಒಂದು ವಾರ ಆಯ್ತು ನಾನು ನನ್ನ ಗಂಡನ ಮುಖ ನೋಡಿ. ನಿಮ್ಮ ನಗುವಿನ ವೇಳೆಗೆ ಬೆಂಕಿ ಹಾಕ!"

ಇಡೀ ಹಾಲ್ ಗಪ್‌ಚಿಪ್ಪಾಯಿತು. ಆ ಮೌನದಲ್ಲಿ ಪಿಸುಮಾತಿನ ದನಿ ಕೂಡ ಮೂಲೆ ಮೂಲೆಗೂ ಕೇಳಿಸಿತು. "ನನಗೆ ಬಸ್ಸು ತಪ್ಪುತ್ತೆ" ಎಂದು ಅವಳು ಎದ್ದಳು. ಕನ್ನಡಕ ಎದ್ದ. ಆಮೇಲೆ ಸಾಲಿಗೆ ಸಾಲೇ ಕುರ್ಚಿ ಸರಿಸಿಕೊಂಡು ಎದ್ದಿತು. ಬಾಗಿಲಲ್ಲಿ ನೂಕುನುಗ್ಗಲಾಯಿತು. ಮ್ಯಾನೇಜರ್ ಏನೋ ಕೂಗುತ್ತಿದ್ದ. ನೀರುನಾಯಿ ಅವನ ಹಿಂದೆ ಗೋಡೆಯ ಮೇಲೆ ಹಾಗೆಯೇ ನಿಂತಿತ್ತು.

ಎಲ್ಲರನ್ನೂ ಕೆಲಸದಿಂದ ತೆಗೆಯುವುದು ಕಂಪನಿಗೂ ಆಗುವ ಮಾತಲ್ಲ. ಫೋನು ಎತ್ತುವವರು ಬೇಕಲ್ಲ. ಬಣ್ಣದ ಹಾಳೆ ಸದ್ದಿಲ್ಲದೆ ಮಾಯವಾಯಿತು, ಊಟದ ಬಿಡುವು ಮೊದಲಿನಂತಾಯಿತು. ಆದರೆ ಬಾಯಿ ಬಿಟ್ಟವಳನ್ನು ಹಾಗೇ ಬಿಡಲು ಮ್ಯಾನೇಜರಿಗೆ ಮನಸ್ಸಾಗಲಿಲ್ಲ. ದೊಡ್ಡಕ್ಕನನ್ನು ನೆಲಮಾಳಿಗೆಯ ಬಿಡಿಭಾಗಗಳ ಗೋದಾಮಿಗೆ ಹಾಕಿದ. ಅಲ್ಲಿ ಕಿಟಕಿಯಿಲ್ಲ, ಪೆಟ್ಟಿಗೆಗಳ ದೂಳು, ರಬ್ಬರಿನ ಗಬ್ಬು ವಾಸನೆ.

ಮಧ್ಯಾಹ್ನ ಕನ್ನಡಕ, ಪಿಸುಮಾತು ಇಬ್ಬರೂ ಡಬ್ಬಿ ಹಿಡಿದು ಕೆಳಗೇ ಬಂದರು. "ಗೆದ್ದುಬಿಟ್ರಿ ಅಕ್ಕಾ" ಎಂದ ಕನ್ನಡಕ. ಬಾಟಲಿಗೆ ಫೋನು ಒರಗಿಸಿದ. ಕರಡಿ ಬಂತು, ಕಪ್ಪೆ ಬಂತು. ದೊಡ್ಡಕ್ಕ ನೋಡಿದಳು. ನಗು ಬರಲಿಲ್ಲ. ನೀರುನಾಯಿಯ ಹೊಟ್ಟೆ ಕಂಡ ಕೂಡಲೆ ಅದರ ಮೇಲೆ ಕೋಲು ಕಂಡಿತು. ಇದರಿಂದ ನಾವು ಏನು ಕಲಿಬೇಕು ಎಂಬ ದನಿ ಕಿವಿಯಲ್ಲಿ ಕೊರೆಯಿತು.

"ಏನೋ ಗೆದ್ದಿದ್ದು?" ಎಂದಳು. "ನಮ್ಮದೇ ನಮಗೆ ವಾಪಸ್ ಬಂತು. ಅದೂ ಎಂಜಲು ಮಾಡಿ ಕೊಟ್ಟ." ಅವಳು ಫೋನನ್ನು ಕವುಚಿ ಹಾಕಿದಳು.

ಸಂಜೆ ಅವಳು ಹೊತ್ತಿಗೆ ಸರಿಯಾಗಿ ಮನೆಗೆ ಬಂದಳು. ಗಂಡ ಬನಿಯನ್ನಿನಲ್ಲೇ ಒಲೆಯ ಮುಂದೆ ನಿಂತು ಚಹಾ ಕುದಿಸುತ್ತಿದ್ದ. ಅವಳನ್ನು ಕಂಡವನೇ ಫೋನು ತೆಗೆದ. "ಹೊಸದು ಬಂದಿದೆ ಕಣೇ. ನೀನಿಲ್ದೆ ನಾನೂ ನೋಡಿಲ್ಲ."

"ಬೇಡ, ಆರಿಸ್ರೀ ಅದನ್ನ."

ಅವನು ಅವಳ ಮುಖ ನೋಡಿದ. ಫೋನು ಜೇಬಿಗಿಟ್ಟು ಚಹಾ ಸೋಸಿದ. "ಮತ್ತೇನು ಮಾಡೋಣ? ನಾನು ಹೊರಡೋಕೆ ಇನ್ನೂ ಹೊತ್ತಿದೆ."

"ಬೈಯೋಣ."

"ಯಾರನ್ನ?"

"ಅವನನ್ನ. ಬಾಯಿ ತುಂಬ, ಹೊಟ್ಟೆ ತುಂಬ. ನನಗೆ ಬರೋದೆಲ್ಲ ಫೋನಲ್ಲಿ ಕೇಳಿದ ಬೈಗುಳ. ನಿಮ್ಮದು ಡ್ರೈವರ್ ಬಾಯಿ, ನೀವೇ ಶುರು ಮಾಡಿ."

ಅವನು ಲೋಟ ಅವಳ ಕೈಗೆ ಕೊಟ್ಟು, ಕಿಟಕಿಯ ಬಾಗಿಲು ಹಾಕಿ ಬಂದ. ಗಂಟಲು ಸರಿಮಾಡಿಕೊಂಡ. ಬೈಯಲು ಶುರು ಮಾಡಿದ.