ಈರಣ್ಣನ ಪಾಲಿನ ಚಾ

ಎರಡು ಚಮಚಗಳ ನಡುವೆ ಗುಳಿಗೆ ಪುಡಿಯಾದ ಮೇಲೆ ಶೀತಲ್‌ಗೆ ನೆನಪಾಯಿತು, ಕುಡಿಯಬೇಕಾದ ಅಪ್ಪ ಇನ್ನಿಲ್ಲ. ಮುಂಬೈಯ ಆಂಟಾಪ್ ಹಿಲ್‌ನ ಆ ಒಂದೇ ಖೋಲಿಯ ಮನೆಯಲ್ಲಿ ಅಪ್ಪ ಸಾಯಬಣ್ಣನ ಹೆಣವನ್ನು ಗೋಡೆಗೊರಗಿಸಿ, ವಿಭೂತಿ ಹಚ್ಚಿ ಕೂರಿಸಿದ್ದರು. ಕೈಗೆ ಬಿದ್ದ ರೂಢಿ, ಹಾಳಾದ್ದು, ಅಷ್ಟು ಬೇಗ ಬಿಡುತ್ತದೆಯೇ?

"ಒಲಿ ಹಚ್ಚಬ್ಯಾಡವಾ," ಎಂದಳು ಸೋದರತ್ತೆ ಸುಂದ್ರವ್ವ. "ಮಣ್ಣಾಗೋ ತನಕ ಬಾಜೂ ಮನಿಯವ್ರು ಚಾ ತರ್ತಾರ."

ಶೀತಲ್ ಪುಡಿಯನ್ನು ಮೋರಿಗೆ ಸುರಿದು ನೀರು ಬಿಟ್ಟಳು.

* * *

ಸಾಯಬಣ್ಣನ ತಮ್ಮ ಈರಣ್ಣ ವಡಾಲದಲ್ಲಿ ಗಾರೆ ಕೆಲಸ ಮಾಡುವಾಗ ಮೇಲಿಂದ ಬಿದ್ದು ಸತ್ತಿದ್ದ. ಸತ್ತವನ ದನಿ ಮಾತ್ರ ಅಣ್ಣನನ್ನು ಬಿಡಲಿಲ್ಲ. "ಅಣ್ಣಾ, ಉಂಡ್ಯೇನು?" ಎನ್ನುತ್ತಿತ್ತಂತೆ. ಸಾಯಬಣ್ಣ ತನ್ನ ಚಾದಲ್ಲಿ ಅರ್ಧವನ್ನು ಇನ್ನೊಂದು ಕಪ್ಪಿಗೆ ಬಗ್ಗಿಸಿ ತಮ್ಮನಿಗೆಂದು ಕಿಟಕಿಯಲ್ಲಿಡುತ್ತಿದ್ದ. ಅಷ್ಟೇ ಆಗಿದ್ದರೆ ಯಾರಿಗೇನು? ಒಂದು ದಿನ ಈರಣ್ಣ ಕರೆದನೆಂದು ಕುರ್ಲಾದಲ್ಲಿ ರೈಲು ಹಳಿಗಿಳಿದುಬಿಟ್ಟ. ಜನ ಮೇಲೆಳೆದುಕೊಂಡಿದ್ದಕ್ಕೆ ಉಳಿದ.

ಡಾಕ್ಟರು ಗುಳಿಗೆ ಬರೆದರು. "ನನಗೇನು ರೋಗ ಅದ?" ಎಂದು ಆತ ಮುಟ್ಟಲಿಲ್ಲ. ಆಮೇಲೆ ಶೀತಲ್ ಅದನ್ನು ಚಾದಲ್ಲಿ ಕದಡಿ ಕೊಡತೊಡಗಿದಳು. ಒಪ್ಪದವರಿಗೆ ಕದ್ದು ಔಷಧ ಕೊಡುವುದು ತಪ್ಪೆಂದು ಅವಳ ಸೈಕಾಲಜಿ ತರಗತಿಯಲ್ಲಿ ಚರ್ಚೆಯಾದಾಗ, ಎಲ್ಲರ ನಡುವೆ ತಲೆ ತಗ್ಗಿಸಿ ಕೂತವಳು ಅವಳೊಬ್ಬಳೇ. ಆರು ವರ್ಷ ಅಪ್ಪನ ಮುಖಕ್ಕೆ ಮುಖ ಕೊಟ್ಟು ಚಾ ಕೊಡಲಾಗಲಿಲ್ಲ.

* * *

ಪಕ್ಕದ ಮನೆಯ ಚಾ ಬಂತು. ಅಪ್ಪನ ಜೊತೆ ಗಾರೆ ಕೆಲಸ ಮಾಡಿದ ಶರಣಬಸಪ್ಪನಿಗೆ ಶೀತಲ್ ಕಪ್ಪು ಚಾಚಿದಳು. ಮುದುಕನ ಕಣ್ಣು ತುಂಬಿತ್ತು.

"ಕಾಕಾ, ನಾ ಅಪ್ಪಗ ಮೋಸ ಮಾಡೀನಿ," ಎಂದಳು ಮೆಲ್ಲಗೆ. "ಚಾದಾಗ ಗುಳಿಗಿ..."

"ಅವಗ ಗೊತ್ತಿತ್ತವಾ."

ಶೀತಲ್ ಕೈಯಲ್ಲಿದ್ದ ಚಾದ ಕಿಟಲಿ ಕೆಳಗಿಟ್ಟು ಅವನ ಎದುರು ಕೂತಳು.

"ಒಮ್ಮೆ ಕಿಟಕ್ಯಾಗಿದ್ದ ಈರಣ್ಣನ ಪಾಲು ನಾನೇ ಕುಡದಿದ್ದೆ. ಕಹಿ ಅಂದ್ರ ಕಹಿ. ಕೇಳಿದ್ದಕ್ಕ ನಿಮ್ಮಪ್ಪ ನಕ್ಕ. 'ಪೂರಾ ಕುಡದ್ರ ಈರಣ್ಣ ಮಾತೇ ಆಡಂಗಿಲ್ಲ. ಅರ್ಧ ಕುಡದ್ರ ಮಾತಾಡ್ತಾನ, ಆದ್ರ ಹಳಿ ಕಡಿ ಕರ್ಯಂಗಿಲ್ಲ. ನನಗ ತಿಳದದ ಅಂತ ಕೂಸಿಗಿ ಹೇಳಬ್ಯಾಡೋ ಮಾರಾಯ, ಅಳ್ತಾಳ' ಅಂದ."

ಅವಳು ಅತ್ತಳು, ಬೆಳಗಿನಿಂದ ಬಾರದಿದ್ದ ಅಳು.

ಹೊರಗೆ ಹೊರುವವರು ಸಿದ್ಧರಾದರು. "ಒಂದು ನಿಮಿಷ ತಡೀರಿ," ಎಂದು ಶೀತಲ್ ಕಿಟಲಿಯಿಂದ ಒಂದು ಕಪ್ಪು ತುಂಬಿಸಿದಳು. ಅರ್ಧವನ್ನು ಇನ್ನೊಂದಕ್ಕೆ ಬಗ್ಗಿಸಿ, ಎರಡನ್ನೂ ಅಪ್ಪನ ಮುಂದಿಟ್ಟು, ಆರು ವರ್ಷದಲ್ಲಿ ಮೊದಲ ಸಲ ಅವನ ಮುಖವನ್ನೇ ನೋಡುತ್ತ ಕೂತಳು. ಎರಡರಲ್ಲೂ ಹಬೆಯಾಡುತ್ತಿತ್ತು.