ಕೂಡಿಕೆ ಮಾಡಿಕೊಡಲಾಗುವುದು

ಶೋಭಿತಾ ಫೋನಿನ ಮೇಲೆ ಮತ್ತೊಮ್ಮೆ ಬೆರಳೊತ್ತಿದಳು. ಜಗಲಿಯ ಮೇಲೆ ತಂದಿಟ್ಟಿದ್ದ ಬಾಡಿಗೆ ಸ್ಪೀಕರ್ ತುಟಿ ಪಿಟಕ್ಕೆನ್ನಲಿಲ್ಲ. ಹಾಡು ಓಡುತ್ತಿದೆ ಎಂದು ಫೋನು ತೋರಿಸುತ್ತಿತ್ತು, ಸದ್ದು ಮಾತ್ರ ಇಲ್ಲ. ಹೆಣದ ಮುಂದೆ ಒಂದು ತತ್ವಪದವಾದರೂ ಕೇಳಿಬರಲಿ ಎಂದು ಅಂಗಳದಲ್ಲಿ ಕೂತಿದ್ದವರೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಒಳಗಿನಿಂದ ಪಕ್ಕದ ಮನೆಯ ಮಾದಮ್ಮ ಕಿರುಚಿಕೊಂಡಳು.

“ಅಯ್ಯಯ್ಯಪ್ಪೋ, ಬನ್ರೋ! ಬೆಟ್ಟಮ್ಮನ್ ಕತ್ನಲ್ಲಿ ಯಾರೋ ಪದ ಏಳ್ತಾವ್ರೆ!”

ಬೆಟ್ಟಮ್ಮ ಹಿಂದಿನ ಸಂಜೆ ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ತಳ್ಳುಗಾಡಿ ಮುಚ್ಚುವಾಗ ಎದೆ ಹಿಡಿದುಕೊಂಡು ಕೂತವಳು ಮತ್ತೆ ಎದ್ದಿರಲಿಲ್ಲ. ಗೋಡೆಗೆ ಒರಗಿಸಿ ಕೂರಿಸಿದ್ದ ಅವಳ ಕೊರಳಲ್ಲಿ ಅವಳು ಹಗಲೆಲ್ಲ ಹಾಕಿಕೊಂಡಿರುತ್ತಿದ್ದ ನೆಕ್‌ಬ್ಯಾಂಡ್ ಹೆಡ್‌ಫೋನು ಹಾಗೇ ಉಳಿದುಬಿಟ್ಟಿತ್ತು. ನೀರು ಹಾಕುವ ಮುಂಚೆ ತೆಗೆಯೋಣವೆಂದು ಮಾದಮ್ಮ ಕಿವಿಗೆ ಇಟ್ಟುಕೊಳ್ಳುವ ಅದರ ಎರಡು ತುದಿಗಳನ್ನು ಬಿಡಿಸಿದ್ದಳು. ತುದಿಗಳ ಅಯಸ್ಕಾಂತ ಬಿಟ್ಟಿದ್ದೇ ತಡ, ಅದು ತಾನಾಗಿ ಆನ್ ಆಗಿ, ತನಗೆ ಮೊದಲೇ ಗುರುತಿದ್ದ, ಮಗಳು ಶೋಭಿತಾಳ ಫೋನನ್ನು ಹುಡುಕಿ ಹಿಡಿದುಕೊಂಡಿತ್ತು. ಸ್ಪೀಕರಿಗೆ ಹೋಗಬೇಕಾದ ಪದವೆಲ್ಲ ಸತ್ತವಳ ಕೊರಳಿಗೆ ಹೋಗುತ್ತಿತ್ತು.

ಅತ್ತು ಅತ್ತು ಮುಖ ಊದಿಸಿಕೊಂಡಿದ್ದ ಶೋಭಿತಾಳಿಗೆ ನಗು ತಡೆಯಲಾಗಲಿಲ್ಲ. “ಬುಡಿ ಮಾದಜ್ಜಿ. ಮೊದ್ಲು ಅವ್ವ ಕೇಳುಸ್ಕಳ್ಳಿ, ಆಮೇಲೆ ಊರ್ನೋರು ಕೇಳ್ಕಳ್ಳಿ,” ಎಂದಳು.

ಬೆಟ್ಟಮ್ಮನ ಕಾಲ ಬಳಿ ಮಂಚಯ್ಯ ಕೂತಿದ್ದ. ಬೆಳಗ್ಗೆ ಅಂಗಡಿ ತೆರೆಯುವುದನ್ನೇ ಕಾದಿದ್ದು ಕುಂಕುಮ, ಹಸಿರು ಬಳೆ, ಕೆಂಪಂಚಿನ ಸೀರೆ ತಂದಿದ್ದ. ಎಲ್ಲವೂ ತಟ್ಟೆಯಲ್ಲಿತ್ತು, ತಟ್ಟೆ ಅವನ ತೊಡೆಯ ಮೇಲಿತ್ತು. ಇಷ್ಟು ವರ್ಷ ತನ್ನ ಜೊತೆ ಬಾಳಿದವಳು ಮುತ್ತೈದೆಯಾಗಿ ಮಣ್ಣಿಗೆ ಹೋಗಬೇಕು. ಅವನಿಗೆ ಬೇಕಾಗಿದ್ದು ಅಷ್ಟೇ. ಅದನ್ನು ಬಾಯಿಬಿಟ್ಟು ಹೇಳುವುದು ಮಾತ್ರ ಅವನಿಂದ ಆಗಿರಲಿಲ್ಲ. ಮಾತಿನ ಖಾತೆಯನ್ನು ಅವನು ಎಂದೋ ಹೆಂಡತಿಗೆ ವಹಿಸಿಬಿಟ್ಟಿದ್ದ.

ಹೊರಗೆ ಟೆಂಪೊ ಬಂದು ನಿಂತಿತು. ಚೆನ್ನಯ್ಯ ಇಳಿದ, ಹಿಂದೆ ಅವನ ಹೆಂಡತಿ ಧನಲಕ್ಷ್ಮಿ, ಜೊತೆಗೆ ನಾಲ್ಕಾರು ಗಂಡಸರು. ಬೆಟ್ಟಮ್ಮನ ಮೊದಲ ಗಂಡ ಭೀಮನ ತಮ್ಮ ಈ ಚೆನ್ನಯ್ಯ. ರಾಮನಾಥಪುರದ ಕಡೆಯವನು, ಈಗ ತಮ್ಮ ಕುಲದ ಯಜಮಾನ. ಅವನ ಕಂಕುಳಲ್ಲಿ ಮಡಿಸಿದ ಬಿಳಿ ಸೀರೆಯಿತ್ತು.

ಚೆನ್ನಯ್ಯ ಹೆಣಕ್ಕೆ ಕೈಮುಗಿದು, ತಟ್ಟೆಯ ಕಡೆ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡ. “ಅತ್ತಿಗೇನ ನಮ್ಮೂರ್ಗೆ ತಗಂಡೋಯ್ತೀವಿ. ಅಣ್ಣನ್ ಪಕ್ಕದಲ್ಲಿ ಗುಂಡಿ ತೋಡ್ಸಿವ್ನಿ. ಈ ಬಳೆ ಕುಂಕುಮ ಎಲ್ಲ ತಗೀರಿ. ಅವ್ಳು ನಮ್ಮಣ್ಣನ್ ಮುಂಡೆ.”

* * *

ಭೀಮ ಹೊಗೆಸೊಪ್ಪು ಬೇಯಿಸಿ ಹದಮಾಡುವ ಬ್ಯಾರನ್ನಿನಲ್ಲಿ ಸೊಪ್ಪು ಏರಿಸುವಾಗ ಅಟ್ಟದಿಂದ ಬಿದ್ದು ಸತ್ತಾಗ ಶೋಭಿತಾ ಇನ್ನೂ ಹಾಲು ಬಿಟ್ಟಿರಲಿಲ್ಲ. ಬಸ್ಸುಗಳಲ್ಲಿ ಬಾಚಣಿಗೆ, ಕನ್ನಡಿ, ಟಾರ್ಚಿನ ಸೆಲ್ಲು ಮಾರುತ್ತಿದ್ದ ಮಂಚಯ್ಯ ಬೆಟ್ಟಮ್ಮನನ್ನು ತನಗೆ ಕೊಡಿ ಎಂದು ಕೇಳಿದ. ಹಿರಿಯರು ಒಪ್ಪಿದರು, ಆದರೆ ಮದುವೆಗಲ್ಲ, ಕೂಡಿಕೆಗೆ. ವಿಧವೆಗೆ ಎರಡನೇ ಸಲ ಧಾರೆಯಿಲ್ಲ, ತಾಳಿಯಿಲ್ಲ, ಚಪ್ಪರವಿಲ್ಲ. ಮುಸ್ಸಂಜೆ ಹೊತ್ತಿಗೆ ಮನೆಯ ಹಿಂದುಗಡೆ ಒಂದು ಸೀರೆ ಉಡಿಸಿ ಕಳಿಸುವುದು, ಅಷ್ಟೇ ಶಾಸ್ತ್ರ. ಮುತ್ತೈದೆಯರು ಅದನ್ನು ಕಣ್ಣಲ್ಲಿ ನೋಡಿದರೆ ಅವರ ತಾಳಿಗೆ ಕೇಡು ಎಂದು ಅವರನ್ನೆಲ್ಲ ಒಳಗೆ ಕೂಡಿಹಾಕಿದರು.

ಅಂದಿನಿಂದ ಬೆಟ್ಟಮ್ಮ ‘ಕೂಡಿಕೆ ಬೆಟ್ಟಿ’ ಆದಳು. ನಾಮಕರಣಕ್ಕೆ, ಸೋಬಾನೆಗೆ, ಆರತಿಗೆ ಅವಳನ್ನು ಯಾರೂ ಕರೆಯಲಿಲ್ಲ. ಭೀಮನ ತಿಥಿಗೆ ಮಗಳನ್ನು ಕರೆದುಕೊಂಡು ಹೋದರೆ ಚೆನ್ನಯ್ಯನ ಮನೆಯಲ್ಲಿ ಅವಳಿಗೆ ಎಲೆ ಹಾಕುತ್ತಿದ್ದುದು ಕೊಟ್ಟಿಗೆಯಲ್ಲಿ. ಒಂದು ವರ್ಷ ಅವಳು ಎಲೆ ಮಡಿಸಿ ಹಸುವಿನ ಮುಂದಿಟ್ಟು, “ಕೊಟ್ಟಿಗೇಲಿರೋದೇ ನಿಮ್ ನೆಂಟ್ರು, ಈ ಎಲೆ ಅದ್ಕೇ ಕೊಡಿ,” ಎಂದು ಎದ್ದು ಬಂದಳು. ಆಮೇಲೆ ಆ ಹೊಸ್ತಿಲು ತುಳಿಯಲಿಲ್ಲ.

* * *

“ಬದುಕಿದ್ದಾಗ ಬಾಗ್ಲು ದಾಟ್ಸ್ಕಳ್ಳಿಲ್ಲ. ಈಗ ಟೆಂಪೊ ಮಾಡ್ಕಂಡ್ ಬಂದಿದ್ದೀರಾ ಚಿಕ್ಕಪ್ಪ?” ಎಂದಳು ಶೋಭಿತಾ. ಹಾಸನದ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಆಗಿದ್ದವಳ ಗಂಟಲು ಮೆಷಿನ್ನುಗಳ ಸದ್ದಿನ ಮೇಲೆ ಕೂಗಿ ಪಳಗಿತ್ತು. ಬೀದಿಗೆಲ್ಲ ಕೇಳಿಸಿತು.

ಚೆನ್ನಯ್ಯ ಕೆಟ್ಟವನಂತೆ ಮಾತಾಡಲಿಲ್ಲ, ಅದೇ ಕಷ್ಟವಾಗಿದ್ದು. “ನೋಡವ್ವ, ಪಿತೃಪಕ್ಷದಲ್ಲಿ ಎಲ್ಲಾ ಇರೀಕ್ರಿಗೂ ಜೋಡಿ ಎಡೆ ಇಕ್ತೀವಿ. ನಿಮ್ಮಪ್ಪಂಗೊಬ್ನಿಗೇ ಒಂಟಿ ಎಲೆ. ಪ್ರತಿ ವರ್ಸ ಕಣ್ಣಲ್ ನೀರ್ ಬತ್ತದೆ ಕಣವ್ವ ನಂಗೆ. ಅವ್ನ್ ಎಂಡ್ತೀನ ಅವ್ನ್ ಪಕ್ಕಕ್ ಸೇರ್ಸದು ತಪ್ಪಾ?”

“ಮಂಚಯ್ಯ ಇದ್ದಾನಲ್ಲಪ್ಪ,” ಎಂದಳು ಮಾದಮ್ಮ ಒಳಗಿನಿಂದ.

“ಕೂಡಿಕೆ ಮಾಡ್ಕಂಡೋನು ಗಂಡ ಆಗಕಿಲ್ಲ ಮಾದಕ್ಕ. ಕೂಡಿಕೆ ಕೂಡಿಕೇನೇ. ಇದು ನಾನ್ ಮಾಡಿದ್ ಕಟ್ಲೆ ಅಲ್ಲ.”

ಅಂಗಳದಲ್ಲಿ ಕೂತಿದ್ದ ಹಿರಿಯರು ತಲೆ ತಗ್ಗಿಸಿದರು. ತಗ್ಗಿಸಿದರೋ, ಹೌದೆಂದು ಆಡಿಸಿದರೋ, ಅಷ್ಟು ದೂರದಿಂದ ತಿಳಿಯುವಂತಿರಲಿಲ್ಲ. ಬಸ್ ಸ್ಟ್ಯಾಂಡಿನಿಂದ ಬಂದಿದ್ದವರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಕೂಡಿಕೆ ಎಂಬ ಪದದ ಅರ್ಥವೇ ಬೇರೆ.

* * *

ವೈರಿಲ್ಲದ ಹೆಡ್‌ಫೋನುಗಳನ್ನು ಮಂಚಯ್ಯ ತಳ್ಳುಗಾಡಿಯಲ್ಲಿ ಮಾರಲು ಮೊದಲ ಸಲ ಹಾಸನದಿಂದ ತಂದಾಗ ಗಂಡಹೆಂಡಿರಿಬ್ಬರೂ ಅವುಗಳ ಮುಂದೆ ಸೋತು ಕೂತಿದ್ದರು. ಗುಂಡಿ ಒತ್ತಿದರೆ ಒಳಗೊಬ್ಬ ಇಂಗ್ಲಿಷಿನವಳು ‘ಪೇರಿಂಗ್’ ಎನ್ನುತ್ತಿದ್ದಳು. “ಯಾರವ್ವ ನೀನು, ಏನ್ ಬೇಕಿತ್ತು?” ಎಂದು ಬೆಟ್ಟಮ್ಮ ಮರ್ಯಾದೆಯಾಗಿಯೇ ವಿಚಾರಿಸಿದಳು. ಅರಕಲಗೂಡು ಬಸ್ಸಿಗೆ ಕಾಯುತ್ತಿದ್ದ ಕಾಲೇಜು ಹುಡುಗಿಯರು ಬಿದ್ದು ಬಿದ್ದು ನಕ್ಕು, ಫೋನಿಗೂ ಹೆಡ್‌ಫೋನಿಗೂ ಜೋಡಿ ಮಾಡುವುದಕ್ಕೆ ಹಾಗನ್ನುತ್ತಾರೆ ಎಂದು ಬಿಡಿಸಿ ಹೇಳಿದರು.

“ತಾಳಿ ಇಲ್ಲ, ದಾರ ಇಲ್ಲ, ಆದ್ರೂ ಜೋಡಿ. ಅಂಗಾರೆ ಕೂಡಿಕೆ ಅನ್ನಿ!” ಎಂದಳು ಬೆಟ್ಟಮ್ಮ.

ಬೋರ್ಡು ಬರೆಯುವ ರಜನೀಶ್ ಗಾಡಿಯ ಮುಂದೆ ಕುಂಚ ಹಿಡಿದು ಬಹಳ ಹೊತ್ತು ನಿಂತಿದ್ದ. “ಬೆಟ್ಟಕ್ಕ, ಜೋಡಣೆ ಅಂತ ಬರೀಲಾ? ಇದು ಒಂಥರಾ ಕೆಟ್ ಪದ ಅಲ್ವಾ?”

“ನನ್ನ ವಯಸ್ನಾಗಿಂದ ಇದೇ ಎಸ್ರಲ್ಲಿ ಕರುದ್ರು. ಆಗ ಯಾರ್ಗೂ ಕೆಟ್ಟದು ಅನ್ನುಸ್ನಿಲ್ಲ. ಬರಿ, ದಪ್ಪಕ್ ಬರಿ.”

‘ಇಲ್ಲಿ ಹೆಡ್‌ಫೋನ್ ಕೂಡಿಕೆ ಮಾಡಿಕೊಡಲಾಗುವುದು’ ಎಂದು ಕೆಂಪು ಅಕ್ಷರದಲ್ಲಿ ಬೋರ್ಡು ಎದ್ದಿತು. ಊರಿನ ಹಿರಿಯರು ಆ ಗಾಡಿಯ ಮುಂದೆ ಬಂದಾಗ ಮುಖ ಆ ಕಡೆ ತಿರುಗಿಸುತ್ತಿದ್ದರು. ಮಂಚಯ್ಯ ಮೊದಮೊದಲು ಬೋರ್ಡಿನ ಮೇಲೆ ಟವೆಲ್ಲು ಒಣಹಾಕುತ್ತಿದ್ದ, ಬೆಟ್ಟಮ್ಮ ತೆಗೆದು ಎಸೆಯುತ್ತಿದ್ದಳು. ಟವೆಲ್ಲು ಮತ್ತು ಬೋರ್ಡಿನ ಈ ಜಗಳದಲ್ಲಿ ಗೆದ್ದಿದ್ದು ಬೋರ್ಡು.

ಗಿರಾಕಿಗಳಿಗೆ ಅವಳ ಪಾಠ ಬಾಯಿಪಾಠವಾಗಿತ್ತು. “ಮೊದ್ಲು ಒಟ್ಟೆ ತುಂಬ ಚಾರ್ಜ್ ಕುಡ್ಸು. ಅರೆಒಟ್ಟೇಲಿ ಕೂಡ್ಸುದ್ರೆ ಮಾತು ಅರ್ಧಕ್ಕೇ ಕಡ್ಕಂಡೋಯ್ತದೆ. ಕೆಂಪು, ನೀಲಿ ಎರಡೂ ಮಿಣುಕೋಗಂಟ ಗುಂಡಿ ಬುಡ್ಬ್ಯಾಡ. ಫೋನ್ನ ಹಿಂದ್ಗಡೆ ಜೇಬಿಗ್ ಇಕ್ಕಬ್ಯಾಡ, ನಿನ್ ಮೈಯೇ ಅಡ್ಡ ಬಂದು ಸದ್ದು ಕಡೀತದೆ. ಇನ್ನೊಂದ್ ಮಾತು ಕೇಳು. ಇದು ಮೊದ್ಲು ಯಾವ ಫೋನಿಗ್ ಕೂಡಿತ್ತೋ ಅದ್ರಲ್ಲಿ ಇದ್ರ ಎಸ್ರು ಅಳುಸ್ಬುಡು. ಇಲ್ದಿದ್ರೆ ಅದು ಅತ್ರ ಬಂದೇಟ್ಗೆ ಕರೀದಿದ್ರೂ ಬಂದ್ ಅಂಟ್ಕತದೆ, ನಿಂಗೆ ಒಂದ್ ಮಾತೂ ಕೇಳುಸ್ದಂಗ್ ಮಾಡ್ತದೆ.”

ಪಡ್ಡೆ ಹುಡುಗರು ಬೇಕೆಂದೇ ಬಂದು, “ಅಕ್ಕೋ, ನಂಗೂ ಒಂದ್ ಕೂಡಿಕೆ ಮಾಡ್ಕೊಡಕ್ಕೋ,” ಎನ್ನುತ್ತಿದ್ದರು. “ನಿಂಗಾ? ನಿನ್ ಮುಕಕ್ಕೆ ಸಿಗ್ನಲ್ಲೇ ಸಿಕ್ತಾಯಿಲ್ವಲ್ಲಾ!” ಎಂದು ಅವಳು ಮಂಗಳಾರತಿ ಎತ್ತಿದರೆ ಬಸ್ ಸ್ಟ್ಯಾಂಡೆಲ್ಲ ನಗುತ್ತಿತ್ತು. ಸ್ವಲ್ಪ ದಿನಕ್ಕೆ ಕಂಡಕ್ಟರುಗಳೂ ಹೂ ಮಾರುವವರೂ ‘ಪೇರಿಂಗ್’ ಬಿಟ್ಟು ಕೂಡಿಕೆ ಎನ್ನತೊಡಗಿದರು. ಬೈಗುಳವೊಂದು ಹೀಗೆ ಬಸ್ ಸ್ಟ್ಯಾಂಡಿನ ಧೂಳಿನಲ್ಲಿ ಉರುಳಾಡಿ ಬರಿಯ ಪದವಾಯಿತು. ಬೆಟ್ಟಮ್ಮನಿಗೆ ಅದೊಂದು ದೊಡ್ಡ ಹೆಮ್ಮೆ.

* * *

“ನಮ್ಮವ್ವ ಇದ್ದಿದ್ರೆ ಏನಂತಿದ್ಲು ಗೊತ್ತಾ ಚಿಕ್ಕಪ್ಪ?” ಶೋಭಿತಾ ಬಾಗಿಲಿಗೆ ಅಡ್ಡವಾಗಿ ನಿಂತಳು. “ಹಳೇ ಫೋನು ಕರೀದಿದ್ರೂ ಬಂದು ಅಂಟ್ಕತದೆ ಅಂತಿದ್ಲು.”

ಬಸ್ ಸ್ಟ್ಯಾಂಡಿನವರು ಹೆಣದ ಮನೆ ಎಂಬುದನ್ನೂ ಮರೆತು ಗೊಳ್ಳೆಂದರು. ಚೆನ್ನಯ್ಯನಿಗೆ ಮಾತು ಅರ್ಥವಾಗದಿದ್ದರೂ ನಗು ಅರ್ಥವಾಯಿತು. ಅವನ ಮುಖ ಕೆಂಪಾಯಿತು.

“ಯಜಮಾನಿಕೆ ಮಾಡಕ್ ಬಂದೋನ್ನ ಎಂಗುಸ್ರ ಕೈಲಿ ನಗುಸ್ತೀರಾ? ಎತ್ರೋ ಎಣ!”

ಟೆಂಪೊದಲ್ಲಿ ಬಂದಿದ್ದ ಗಂಡಸರು ಎದ್ದರು. ಅದೇ ಹೊತ್ತಿಗೆ ಮಂಚಯ್ಯನೂ ಎದ್ದ. ತಟ್ಟೆಯಲ್ಲಿ ಬಳೆಗಳು ಸದ್ದು ಮಾಡಿದವು.

“ಚೆನ್ನಯ್ಯ,” ಎಂದ ಅವನು. “ತಾಳಿ ನಾನ್ ಕಟ್ನಿಲ್ಲ. ಕಟ್ಟಕ್ಕೆ ನೀವ್ ಬುಡ್ನಿಲ್ಲ. ಆವತ್ ನಿಮ್ಮುನ್ನೆಲ್ಲ ಕೇಳ್ದೆ, ಅದೇ ನಾನ್ ಮಾಡಿದ್ ತಪ್ಪು. ಇವತ್ ಯಾರ್ನೂ ಕೇಳಕಿಲ್ಲ. ಇವ್ಳು ನನ್ ಎಂಡ್ತಿ ಕಣಯ್ಯ.”

ಅಷ್ಟು ಉದ್ದದ ಮಾತನ್ನು ಅವನ ಬಾಯಲ್ಲಿ ಮಗಳೂ ಕೇಳಿರಲಿಲ್ಲ. ಅವನು ತಿರುಗಿ, ಕುಂಕುಮದಲ್ಲಿ ಬೆರಳದ್ದಿ, ಬೆಟ್ಟಮ್ಮನ ಹಣೆಗೆ ಇಟ್ಟ. ಒಂದಿಷ್ಟು ಅವಳ ಮೂಗಿನ ಮೇಲೆ ಉದುರಿತು.

“ಮೂಗಿನ್ ಮ್ಯಾಲೆ ಉದುರ್ತು! ಗಂಡಂಗೆ ಬಲೇ ಪ್ರೀತಿ ಕಣೇ ನಿನ್ ಕಂಡ್ರೆ,” ಎಂದು ಮಾದಮ್ಮ ಹೆಣದ ಕೆನ್ನೆ ಸವರಿ ಅತ್ತುಬಿಟ್ಟಳು. ಆಮೇಲೆ ಸೆರಗಿನಲ್ಲಿ ಮೂಗೊರೆಸಿಕೊಂಡು ಬಾಗಿಲಿಗೆ ಬಂದು ಕೂಗಿದಳು. “ನಾನು ಮುಂಡೆ, ನಂಗಿಲ್ಲ. ಮುತ್ತೈದೇರ್ ಬನ್ರವ್ವಾ, ಕುಂಕುಮ ಇಸ್ಕಳಿ!”

ಮುತ್ತೈದೆಯಾಗಿ ಸತ್ತವಳ ಹಣೆಯ ಕುಂಕುಮವನ್ನು ಉಳಿದ ಮುತ್ತೈದೆಯರು ತಮ್ಮ ಹಣೆಗೂ ತಾಳಿಗೂ ಹಚ್ಚಿಕೊಂಡು ಹೋಗುವುದು ಎಲ್ಲ ಕಡೆ ನಡೆದುಬಂದ ಪದ್ಧತಿ. ಆ ಭಾಗ್ಯ ತಮಗೂ ಬರಲಿ ಎಂದು ನೂಕುನುಗ್ಗಲು ಮಾಡುತ್ತಾರೆ. ಈಗ ಒಬ್ಬಳೂ ಅಲುಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬೆಟ್ಟಮ್ಮನ ಪಕ್ಕದಲ್ಲೇ ಕೂತು ಹೂ ಕಟ್ಟುವ ಶಾಂತಿ ಕೂಡ ತನ್ನ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಿದ್ದಳು. ಪದದ ಭಯ ಹೋಗಿತ್ತು, ಕುಂಕುಮದ ಭಯ ಹೋಗಿರಲಿಲ್ಲ. ಯಾರೂ ಇಸಿದುಕೊಳ್ಳದಿದ್ದರೆ ಮಂಚಯ್ಯ ಇಟ್ಟದ್ದು ಬರೀ ಕೆಂಪು ಪುಡಿ. ಅದು ಅವನಿಗೂ ಗೊತ್ತಿತ್ತು. ಅವನು ಹೆಂಗಸರ ಕಡೆ ನೋಡಲಾರದೆ ನಿಂತ.

“ಆಯ್ತಲ್ಲ?” ಎಂದ ಚೆನ್ನಯ್ಯ. “ಎಂಗುಸ್ರೇ ಏಳ್ಬುಟ್ರು.”

ಅವನ ಪಕ್ಕದಲ್ಲಿದ್ದ ಧನಲಕ್ಷ್ಮಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ನಡೆದಳು.

“ಏಯ್, ಎಲ್ಗೆ?”

ಅವಳು ತಿರುಗಿ ನೋಡಲಿಲ್ಲ. ಶೋಭಿತಾ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಧನಲಕ್ಷ್ಮಿ ಬೆಟ್ಟಮ್ಮನ ಮುಂದೆ ಮಂಡಿಯೂರಿ, “ಅಕ್ಕ, ಕೊಟ್ಟಿಗೇಲಿ ಎಲೆ ಆಕಿದ್ ಕೈ ಇದೇ,” ಎಂದಳು. ಅದೇ ಕೈಯ ಬೆರಳಿಂದ ಅವಳ ಹಣೆಯ ಕುಂಕುಮ ತೆಗೆದು ತನ್ನ ಹಣೆಗಿಟ್ಟುಕೊಂಡಳು, ತಾಳಿಗೆ ಒತ್ತಿದಳು. ಎದ್ದು ಬಂದು ಗಂಡನ ಎದುರಿಗೆ ನಿಂತಳು.

“ಅಳ್ಸು ಅದ್ನ,” ಎಂದ ಚೆನ್ನಯ್ಯ.

“ನೀವೇ ಅಳ್ಸಿ,” ಎಂದಳು ಧನಲಕ್ಷ್ಮಿ, ಮುಖ ಮೇಲೆತ್ತಿ.

ಚೆನ್ನಯ್ಯ ಕೈ ಎತ್ತಿದ. ಅದು ಅವಳ ಹಣೆಯವರೆಗೆ ಹೋಯಿತು. ಹೆಂಡತಿಯ ಹಣೆಯ ಕುಂಕುಮ ಅಳಿಸುವುದು ಗಂಡ ಸತ್ತ ದಿನ ಮಾತ್ರ. ಕಟ್ಟಳೆ ಬಲ್ಲ ಯಜಮಾನನ ಕೈ ಅಲ್ಲೇ ನಿಂತಿತು, ಬಿಳಿ ಸೀರೆ ಕಂಕುಳಿಂದ ಜಾರಿ ಮಣ್ಣಿಗೆ ಬಿತ್ತು. ಅದನ್ನು ತುಳಿಯದಂತೆ ತನ್ನ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಶಾಂತಿ ಒಳಗೆ ಹೋದಳು, ಅವಳ ಹಿಂದೆ ಇನ್ನೊಬ್ಬಳು. ಮೂರನೆಯವಳು, “ಸ್ವಲ್ಪ ಪಕ್ಕಕ್ ಬನ್ನಿ ಯಜಮಾನ್ರೇ, ಸಾಲು ಬತ್ತಾ ಅದೆ,” ಎಂದಳು.